ಚಾ ಕೊಟ್ಟರೆ ನಪಾಸು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಆಡಬೇಕಾಗಿರುವ ಕೆಟ್ಟದ್ದೆಲ್ಲ ಬದುಕಿರುವ ಒಬ್ಬನ ಬಗ್ಗೆ, ಆದ್ದರಿಂದ ಅಡ್ಡಿಯಿಲ್ಲ. ಸತ್ತವರು ಬೈಲಹೊಂಗಲದ ಒಬ್ಬ ಸೈಕಲ್ ಮಿಸ್ತ್ರಿ. ಹೋದ ಆಷಾಢದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಮಗಳು ಬೇಡ ಎಂದಿದ್ದಾಳೆ. ಕೊನೆಕೊನೆಗೆ ಊರವರು ಆ ಹೆಸರನ್ನು ಹೇಗೆ ಬಾಯಿಗೆ ಹಾಕಿಕೊಂಡರು ಎಂಬುದನ್ನು ಕೇಳಿಸಿಕೊಂಡ ಮೇಲೆ ಅವಳು ಬೇಡ ಎಂದದ್ದೇ ಸರಿ ಅನಿಸುತ್ತದೆ. ಎಲ್ಲರೂ ಕರೆಯುತ್ತಿದ್ದ ಹಾಗೆ ನಾನೂ ಮಿಸ್ತ್ರಿ ಎಂದೇ ಕರೆಯುತ್ತೇನೆ.

ಸವದತ್ತಿ ರಸ್ತೆಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಬೇವಿನ ಗಿಡ, ಒಳಗೆ ಬುದ್ಧನ ಚಿತ್ರವಿದ್ದ ಒಂದು ಕ್ಯಾಲೆಂಡರ್. ಮಿಸ್ತ್ರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಸೊಂಟದಿಂದ ಕೆಳಗೆ ಹುಡುಗನ ಮೈ, ಮೇಲೆ ಪೈಲ್ವಾನನ ಮೈ. ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಮುಂಜಾನೆ ಬರುತ್ತಿದ್ದರು. ಕೈಯೂರಿ ಇಳಿದು ಮಣೆಯ ಮೇಲೆ ಕೂತರೆ ಸಂಜೆಯವರೆಗೆ ಅಲ್ಲೇ. ಇಳಿಸಲು ಹೋದವರಿಗೆ ಬೈಗುಳ ಗ್ಯಾರಂಟಿ. ಮೊದಲ ದಿನ ನಾನೂ ಹೋಗಿ ಕಂಕುಳಿಗೆ ಕೈ ಹಾಕಿದೆ. "ನಾ ಏನ್ ಜ್ವಾಳದ ಚೀಲೇನ್ರಿ?" ಅಂದರು. ಕೈ ತೆಗೆದೆ.

ನಾನು ಊರಿನ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ವಿಭಾಗದ ಮಾಸ್ತರನಾಗಿದ್ದೆ. ಯೂಟ್ಯೂಬ್ ಬಂದಮೇಲೆ ನಮ್ಮ ಹುಡುಗರಿಗೆಲ್ಲ ಹೊಸ ಸೈಕಲ್ ಗೇರಿನ ಹುಚ್ಚು ಹಿಡಿದಿತ್ತು. ಒಬ್ಬನದು ಚೈನೇ ಇಲ್ಲದ ಗೇರು, ಒಬ್ಬನದು ಪಟ್ಟಿಯ ಗೇರು, ಇನ್ನೊಬ್ಬನದು ಹಿಂದಕ್ಕೆ ತುಳಿದರೂ ಮುಂದಕ್ಕೆ ಹೋಗುವ ಗೇರು. ಎಲ್ಲವೂ ಹಾಳೆಯ ಮೇಲೆ ಚೆಂದ. ವರ್ಕ್‌ಶಾಪಿನ ಸಿಮೆಂಟು ನೆಲದ ಮೇಲೂ ಚೆಂದ. ಹೊರಗೆ ನಡೆಯುತ್ತದೋ ಇಲ್ಲವೋ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೆ ಮಿಸ್ತ್ರಿಯ ಹತ್ತಿರ ಕಳಿಸುತ್ತಿದ್ದೆ. ಕಳಿಸುತ್ತಾ ಕಳಿಸುತ್ತಾ ಅದೊಂದು ಪದ್ಧತಿಯೇ ಆಯಿತು. ಕಿತ್ತೂರಿನಿಂದ ವೆಲ್ಡಿಂಗಿನವರು ಬಂದರು, ಧಾರವಾಡ ಕಡೆಯಿಂದ ಇಂಜಿನಿಯರಿಂಗ್ ಓದುವವರು ತಮ್ಮ ಪ್ರಾಜೆಕ್ಟ್ ಹೊತ್ತುಕೊಂಡು ಬಂದರು. ಮಿಸ್ತ್ರಿ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ.

ಅವರ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಮೊದಲು ಎರೆಮಣ್ಣು. ನಮ್ಮ ಕಡೆಯ ಕರಿಮಣ್ಣು ಮಳೆ ಬಿದ್ದರೆ ಅಂಟು, ಒಣಗಿದರೆ ಕಲ್ಲು. ಆ ಮಣ್ಣನ್ನು ರೊಟ್ಟಿಯ ಹಿಟ್ಟಿನ ಹಾಗೆ ನಾದಿ, ಹೊಸ ಗೇರಿನ ಹಲ್ಲಿಗೆಲ್ಲ ಮೆತ್ತಿ, ಒಂದು ದಿನ ಬಿಸಿಲಿಗೆ ಒಣಗಲು ಬಿಡುತ್ತಿದ್ದರು. ಮಾರನೇ ದಿನ ತಿರುಗಿಸು ಎನ್ನುತ್ತಿದ್ದರು. ಎಂಟು ಗೇರಿನ ಸೈಕಲ್ ತಂದ ಧಾರವಾಡದ ಹುಡುಗಿಯೊಬ್ಬಳು ತನ್ನ ಮೂರು ತಿಂಗಳ ಕೆಲಸಕ್ಕೆ ಮಣ್ಣು ಮೆತ್ತುವುದನ್ನು ನೋಡಿ ಅತ್ತೇಬಿಟ್ಟಳು. ಮಿಸ್ತ್ರಿ ಕೈ ನಿಲ್ಲಿಸಲಿಲ್ಲ. "ಈಗ ಅತ್ಕೋವಾ," ಅಂದರು, "ಆಮ್ಯಾಲೆ ದೊಡವಾಡದ ಹಾದ್ಯಾಗ ಯಾರೋ ಅಳೋದು ತಪ್ಪತೈತಿ."

ಮಣ್ಣಿನಲ್ಲಿ ಪಾಸಾದರೆ ಮೂರು ಜನಕ್ಕೆ ಕೊಡುತ್ತಿದ್ದರು. ಅವಸರದಲ್ಲಿರುವ ಹಾಲಿನವನಿಗೆ, ಕಣ್ಣು ಮಂಜಾದ ಒಬ್ಬ ಮುದುಕನಿಗೆ, ಆಮೇಲೆ ಸಂಜೆ ಕುಡಿದು ಮನೆಗೆ ಹೋಗುವ ಒಬ್ಬನಿಗೆ. ಕುಡಿದವನು ಬಿದ್ದರೆ ಅದು ಗೇರಿನ ತಪ್ಪು ಹೇಗಾಗುತ್ತದೆ ಎಂದು ನಾನು ಜಗಳ ತೆಗೆದಿದ್ದೆ. "ಶ್ಯಾಣ್ಯಾನ ಕೈಯಾಗ ಎಲ್ಲಾ ನಡಿತೈತ್ರಿ ಮಾಸ್ತರ" ಎಂದರು. ಅದೊಂದು ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. ಆಗೆಲ್ಲ ನನಗೆ ಸಿಟ್ಟೇ ಬರುತ್ತಿತ್ತು. ಜಾಣರೇ ಇಲ್ಲ, ಎಲ್ಲರೂ ದಡ್ಡರೆಂದು ಹಿಡಿದು ವಸ್ತು ಮಾಡಲು ಆಗುತ್ತದೆಯೇ ಎಂದು ಕೂಗಾಡುತ್ತಿದ್ದೆ. ನಾನು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವನು.

ಈಗ ಚಾದ ಸಂಗತಿ ಹೇಳಬೇಕು. ಮಿಸ್ತ್ರಿ ಯಾರಿಗೂ ಬಾಯಿಬಿಟ್ಟು "ಇದು ಬ್ಯಾಡ" ಎನ್ನುತ್ತಿರಲಿಲ್ಲ. ದೂರದಿಂದ ಹೊತ್ತು ತಂದವರ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಹೇಗೆ ಎಂಬ ಸಂಕೋಚ. ವಸ್ತು ಪಾಸಾದರೆ ಚಾ ಗೀ ಏನೂ ಇಲ್ಲ, "ಬಿಟ್ಟು ಹೋಗು, ನಾಳಿ ಇನ್ನೊಂದು ಮಾಡೂಣು" ಎಂದು ಕೆಲಸಕ್ಕೆ ಹಚ್ಚುತ್ತಿದ್ದರು. ನಪಾಸಾದರೆ ಎದುರಿನ ಹೋಟೆಲಿಗೆ ಕೈ ಎತ್ತಿ ಎರಡು ಬೆರಳು ತೋರಿಸುತ್ತಿದ್ದರು. ಎರಡು ಚಾ ಬರುತ್ತಿತ್ತು. ಒಂದು ಅವರಿಗೆ, ಒಂದು ನಪಾಸಾದವರಿಗೆ. ಚಾ ಕುಡಿಯುತ್ತಾ ಎಲ್ಲಿ ತಪ್ಪಿದೆ ಎಂದು ಮೆಲ್ಲಗೆ ಬಿಡಿಸಿ ಹೇಳುತ್ತಿದ್ದರು. ಬಲ್ಲವರಿಗೆಲ್ಲ ಇದು ಗೊತ್ತಿತ್ತು. ಕಿತ್ತೂರಿನ ವೆಲ್ಡಿಂಗಿನವನೊಬ್ಬ ಒಂದು ಮಧ್ಯಾಹ್ನವೆಲ್ಲ ಗಂಟಲು ಒಣಗಿಸಿಕೊಂಡು ಕೂತು, ಚಾ ಬರಲೇ ಇಲ್ಲವೆಂದು ಖಾತ್ರಿಯಾದ ಮೇಲೆ ರಸ್ತೆಯ ನಡುವೆ ಕುಣಿದಿದ್ದ.

ಚಾ ಮುಟ್ಟದೆ ಹೋಗುವವರೂ ಇದ್ದರು. ಇವತ್ತು ಉಪವಾಸ ಎನ್ನುವರು, ಪಿತ್ತ ಎನ್ನುವರು. ಅದು ಯಾವ ಜಾತಿಯ ಪಿತ್ತ ಎಂಬುದು ಮಿಸ್ತ್ರಿಗೂ ಗೊತ್ತು, ಗೋಡೆಯ ಕ್ಯಾಲೆಂಡರ್ ನೋಡಿದವರಿಗೂ ಗೊತ್ತು. ಅಂಥವರ ಗ್ಲಾಸನ್ನು ತಾವೇ ಎತ್ತಿ ಕುಡಿದು, ಅವರ ಗೇರನ್ನು ಎಲ್ಲರಷ್ಟೇ ಜತನದಿಂದ ಕಟ್ಟಿ ಕೊಡುತ್ತಿದ್ದರು. ನಾನು ಕುಡಿಯುತ್ತಿದ್ದೆ. ಎರಡು ಜೋಡಿ ಎತ್ತು, ಹೊಲ ಇದ್ದ ಮನೆಯವನಾದ ನಾನು ಅವರ ಅಂಗಡಿಯಲ್ಲಿ ಚಾ ಕುಡಿಯುತ್ತೇನೆ ಎಂಬುದನ್ನು ಒಂದು ದೊಡ್ಡಸ್ತಿಕೆ ಎಂದೂ ಒಳಗೊಳಗೇ ಅಂದುಕೊಂಡಿದ್ದೆ. ಥೂ.

ನನ್ನ ಗೇರಿನ ಹುಚ್ಚು ಶುರುವಾದದ್ದು ನಿವೃತ್ತಿಗೆ ಒಂದು ವರ್ಷ ಇರುವಾಗ. ಇಷ್ಟು ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿದೆ, ನನ್ನದು ಅಂತ ಒಂದು ವಸ್ತು ಇಲ್ಲವಲ್ಲ ಎಂಬ ಕೊರಗು. ಮಿಸ್ತ್ರಿ ಸವದತ್ತಿ ರಸ್ತೆಯ ಏರು ಹತ್ತುವಾಗ ಅವರ ಕುತ್ತಿಗೆಯ ನರ ಉಬ್ಬುವುದನ್ನು ದಿನಾ ನೋಡುತ್ತಿದ್ದೆ. ಕೈಗಾಡಿಗೆ ಎರಡು ಗೇರು ಯಾಕಿರಬಾರದು? ಸಪಾಟು ರಸ್ತೆಗೆ ದೊಡ್ಡದು, ಏರಿಗೆ ಸಣ್ಣದು. ಎಡಗಡೆ ಒಂದು ಹಿಡಿಕೆ, ಅದನ್ನು ಎಳೆದರೆ ಒಂದರಿಂದ ಇನ್ನೊಂದಕ್ಕೆ. ಆರು ತಿಂಗಳು ಕೂತು ಮಾಡಿದೆ. ಊರಿನ ಒಂದು ಟ್ರಸ್ಟಿನವರು ನೋಡಿ ಖುಷಿಪಟ್ಟು, ಸುತ್ತಲಿನ ತಾಲೂಕುಗಳ ಅಂಗವಿಕಲರಿಗೆ ಇದೇ ಗೇರಿನ ಗಾಡಿ ಹಂಚುತ್ತೇವೆ ಎಂದರು. ಷರತ್ತು ಒಂದೇ, ಮಿಸ್ತ್ರಿ ನಡೆಯುತ್ತದೆ ಅನ್ನಬೇಕು.

ಮಿಸ್ತ್ರಿ ತಮ್ಮದೇ ಗಾಡಿಗೆ ಅದನ್ನು ಹಾಕಿಕೊಂಡು ಇಪ್ಪತ್ತು ದಿನ ಓಡಾಡಿದರು. ಮಣ್ಣಿಗೆ ಜಗ್ಗಲಿಲ್ಲ. ಏರು ಹತ್ತುವುದು ಹಗುರಾಯಿತು ಎಂದು ಅವರೇ ಹೇಳಿದರು. ಇಪ್ಪತ್ತೊಂದನೆಯ ದಿನ ನಾನು ಹೋದಾಗ ಹೋಟೆಲಿನ ಕಡೆ ಕೈ ಎತ್ತಿ ಎರಡು ಬೆರಳು ತೋರಿಸಿದರು.

ಚಾ ಬಂತು. ನಾನು ಮುಟ್ಟಲಿಲ್ಲ. ಅವರು ಗಾಡಿಯನ್ನು ಓರೆ ಹಲಗೆಯ ಮೇಲೆ ನಿಲ್ಲಿಸಿ ತೋರಿಸಿದರು. ಹಳೆಯ ಕೈಗಾಡಿಯಲ್ಲಿ ಪೆಡಲಿಗೂ ಗಾಲಿಗೂ ನೇರ ಸಂಬಂಧ, ಕೈ ಬಿಗಿ ಹಿಡಿದರೆ ಏರಿನ ನಡುವೆಯೂ ಗಾಡಿ ಅಲ್ಲೇ ನಿಲ್ಲುತ್ತದೆ. ಆ ಜನ ಬ್ರೇಕನ್ನು ನಂಬುವುದಿಲ್ಲ, ತಮ್ಮ ಕೈಯನ್ನು ನಂಬುತ್ತಾರೆ. ನನ್ನ ಹಿಡಿಕೆ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ. ಆ ಜಾಗದಲ್ಲಿ ಪೆಡಲು ಯಾವುದಕ್ಕೂ ಅಂಟಿಲ್ಲ. ಮಿಸ್ತ್ರಿ ಹಿಡಿಕೆಯನ್ನು ಅಲ್ಲಿ ತಂದು ಬಿಟ್ಟರು. ಗಾಡಿ ಹಲಗೆಯಿಂದ ಹಿಂದಕ್ಕೆ ಉರುಳಿ ಬೇವಿನ ಬುಡಕ್ಕೆ ಬಡಿಯಿತು.

"ಗೇರ್ ಬದಲಿ ಮಾಡೋದು ಎಲ್ರಿ ಮಾಸ್ತರ? ಏರಿನ್ಯಾಗ. ಏರಿನ್ಯಾಗ ಅವರ ಕೈ ಬಿಡಸ್ತೀರಲ್ರಿ."

ಅದು ಅರೆಕ್ಷಣದ ಮಾತು ಎಂದೆ. ಏರು ಶುರುವಾಗುವ ಮೊದಲೇ ಬದಲಿಸಬೇಕು ಎಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ ಎಂದೆ. ಅವರು ಅದೇ ಶ್ಯಾಣ್ಯಾನ ಮಾತು ಹೇಳಿದರು. ಗಾಲಿ ಹಿಂದಕ್ಕೆ ಹೋಗದ ಹಾಗೆ ಕಚ್ಚಿ ಹಿಡಿಯುವ ಒಂದು ಹಲ್ಲು ಕೂಡಿಸಿದರೆ ಸಾಕು, ಇಬ್ಬರೂ ಕೂತು ಮಾಡೋಣ, ನಾಲ್ಕೈದು ತಿಂಗಳು ಹಿಡಿಯುತ್ತದೆ ಎಂದರು. ನಾಲ್ಕೈದು ತಿಂಗಳಿಗೆ ನಾನು ನಿವೃತ್ತನಾಗಿ ಮನೆಯಲ್ಲಿರುತ್ತಿದ್ದೆ. ಹಂಚುವ ದಿನಕ್ಕೆ ಪೆಂಡಾಲಿನವರಿಗೆ ಹೇಳಿಯಾಗಿತ್ತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಅದನ್ನು ನಾನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ನಾಚಿಕೆಯಾದರೂ ಇದ್ದದ್ದನ್ನು ಹೇಳಬೇಕು.

ಎಂಟು ದಿನ ಬಿಟ್ಟು ಮತ್ತೆ ಹೋದೆ. ಬೇಡಿಕೊಂಡೆ. ಆಗಲಿಲ್ಲ. ಜಗಳಕ್ಕೆ ಬಿದ್ದೆ. ಎಲುಬಿಲ್ಲದ ನಾಲಿಗೆ ಅಂತಾರಲ್ಲ, ಆ ದಿನ ನನ್ನದು ಹಾಗೇ ಹೊರಳಿತು.

"ನಿಮಗ ಕಾಲಿಲ್ಲ. ಅದಕ್ಕ ಯಾರದೂ ಮುಂದ ಹೋಗಬಾರದು ನಿಮಗ. ಇಷ್ಟ ವರ್ಷ ನೀವು ಬ್ಯಾಡ ಅಂದದ್ದೆಲ್ಲಾ ಇದ ಹೊಟ್ಟಿಕಿಚ್ಚಿಗೆ."

ಬೈದಿದ್ದರೆ ಒಳ್ಳೆಯದಿತ್ತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆದಿದ್ದರೂ ನಡೆಯುತ್ತಿತ್ತು. ಮಿಸ್ತ್ರಿ ತಮ್ಮ ಕಾಲುಗಳನ್ನು ನೋಡಿಕೊಂಡು ಕೂತರು, ಯಾರೋ ಹೊಸದಾಗಿ ತೋರಿಸಿದ ವಸ್ತುವನ್ನು ನೋಡುವ ಹಾಗೆ. ಅಂಗಡಿಯಲ್ಲಿ ಒಬ್ಬ ಗಿರಾಕಿ ಪಂಕ್ಚರ್ ಎಂದು ಬಂದು, ಇವರು ತಲೆ ಎತ್ತದಿದ್ದುದನ್ನು ನೋಡಿ ಹೋದ. ಆಮೇಲೆ "ಇರಬೋದ್ರಿ" ಅಂದರು.

ಅಷ್ಟೇ ಅಂದದ್ದು. ಆ ಮನುಷ್ಯನಿಗೆ ತನ್ನ ಮೇಲೆಯೇ ಗುಮಾನಿ ಬಂದಿತ್ತು. ತಾನು ಇಷ್ಟು ದಿನ ನಪಾಸು ಮಾಡಿದ್ದು ಗೇರುಗಳನ್ನೋ ಅಥವಾ ಕಾಲಿದ್ದವರನ್ನೋ ಎಂದು. ಗುಮಾನಿ ಬರುವ ಮನುಷ್ಯನಾದ್ದರಿಂದಲೇ ಅವರು ಒಳ್ಳೆಯ ಪರೀಕ್ಷಕರಾಗಿದ್ದರು, ನಾನು ಅದೇ ಗುಣದ ಮೇಲೆ ಕಾಲಿಟ್ಟೆ.

"ಬರಕೋರಿ," ಅಂದರು. "ನಡಿತೈತಿ ಅಂತ ಬರಕೋರಿ." ನಾನು ತಂದಿದ್ದ ಕಾಗದಕ್ಕೆ ಸಹಿ ಹಾಕಿದರು. ಹಾಕಿ, ಎದುರಿನ ಹೋಟೆಲಿಗೆ ಕೈ ಎತ್ತಿ ಎರಡು ಬೆರಳು ತೋರಿಸಿದರು.

ಚಾ ಬಂತು. ಅವರ ಬಾಯಿ ಹೌದು ಅಂದಿತ್ತು, ಚಾ ಇಲ್ಲ ಅನ್ನುತ್ತಿತ್ತು. ಇಡೀ ತಾಲೂಕಿನಲ್ಲಿ ಆ ಚಾದ ಅರ್ಥ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಟ್ರಸ್ಟಿನವರಿಗೆ ಕಾಗದ ಸಾಕಿತ್ತು. ನಾನು ಗ್ಲಾಸು ಎತ್ತಿ, ಊದಿ ಊದಿ, ಪೂರ್ತಿ ಕುಡಿದು ಮುಗಿಸಿ, ಕಾಗದವನ್ನು ಕಿಸೆಗೆ ಹಾಕಿಕೊಂಡು ಬಂದೆ.

ಗಾಡಿ ಹಂಚಿದರು. ದೊಡವಾಡ, ಕಿತ್ತೂರು, ಸವದತ್ತಿ, ರಾಮದುರ್ಗ, ಸಿರಸಂಗಿ, ಎಲ್ಲ ಕಡೆಯಿಂದ ಜನ ಬಂದಿದ್ದರು. ನನಗೆ ಶಾಲು ಹೊದಿಸಿದರು. ಮಿಸ್ತ್ರಿಗೂ ಹೇಳಿಕಳಿಸಿದ್ದರು, ಅವರು ಬರಲಿಲ್ಲ. ಪೆಂಡಾಲಿಗೆ ಮೂರು ಮೆಟ್ಟಿಲಿತ್ತು, ಅದಕ್ಕೆ ಬಂದಿರಲಿಕ್ಕಿಲ್ಲ ಎಂದು ಯಾರೋ ಅಂದರು. ನಾನೂ ಹೂಂ ಅಂದೆ.

ಸಿರಸಂಗಿಯಿಂದ ಬಂದಿದ್ದವಳು ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಈಕೆ ಬ್ಲೌಸ್ ಹೊಲಿಯುತ್ತಿದ್ದಳು; ಚಿಕ್ಕಂದಿನ ಹಳೆಯ ಕೈಗಾಡಿಯಲ್ಲಿ ಓಣಿಯ ಏರು ಹತ್ತಲಾಗದೆ ಮನೆಯಲ್ಲೇ ಇರುತ್ತಿದ್ದಳು. ಹೊಸ ಗಾಡಿ ಬಂತು, ಇನ್ನು ತಾನೇ ಮನೆ ಮನೆಗೆ ಹೋಗಿ ಅಳತೆ ತಂದು, ಹೊಲಿದು ಮುಟ್ಟಿಸಿ ಬರುತ್ತೇನೆ ಎಂದು ಆ ದಿನ ನನ್ನ ಮುಂದೆ ಹೇಳಿದ್ದಳು. ಗೇರು ಹೇಗೆ ಬದಲಿಸುವುದು ಎಂದು ನಾನೇ ತೋರಿಸಿಕೊಟ್ಟೆ. ಎರಡೇ ಸಲಕ್ಕೆ ಕಲಿತಳು. ಶ್ಯಾಣ್ಯಾ ಹುಡುಗಿ.

ಎರಡು ತಿಂಗಳಿಗೆ ಸುದ್ದಿ ಬಂತು. ಓಣಿಯಿಂದ ಡಾಂಬರು ರಸ್ತೆಗೆ ಹತ್ತುವ ಏರಿನಲ್ಲಿ, ಮಡಿಲ ತುಂಬ ಹೊಲಿದ ಬ್ಲೌಸು ಇಟ್ಟುಕೊಂಡು ಹೋಗುತ್ತಿದ್ದಳಂತೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತೆಂದು ನಡುವೆ ನಿಲ್ಲಿಸಿದ್ದಾಳೆ. ಅದು ಹೋದ ಮೇಲೆ ಭಾರವಾಯಿತೆಂದು ಸಣ್ಣ ಗೇರಿಗೆ ಎಳೆದಿದ್ದಾಳೆ. ಗಾಡಿ ಹಿಂದಕ್ಕೆ ಉರುಳಿ ಓಣಿಯ ಸಣ್ಣ ಸೇತುವೆಯಿಂದ ಕೆಳಗೆ, ಕಲ್ಲಿನ ಮೇಲೆ ಬಿತ್ತು. ಗಾಡಿಯೂ ಅವಳ ಮೇಲೆಯೇ ಬಿದ್ದು ಅಲ್ಲೇ ಜೀವ ಹೋಯಿತು. ನೋಡಿದವರು ಹೇಳಿದ ಪ್ರಕಾರ ಅವಳ ಎರಡೂ ಕೈ ಪೆಡಲನ್ನು ಬಿಗಿಯಾಗಿ ಹಿಡಿದೇ ಇದ್ದವು. ಹಿಡಿದರೆ ಗಾಡಿ ನಿಲ್ಲುತ್ತದೆ ಎಂದು ಅವಳ ಕೈಗೆ ಚಿಕ್ಕಂದಿನಿಂದ ಗೊತ್ತಿತ್ತು.

ಟ್ರಸ್ಟಿನವರು ಸಭೆ ಕರೆದರು. ಯಾರ ಮಾತಿನ ಮೇಲೆ ಈ ಗಾಡಿ ಹಂಚಿದೆವು ಎಂಬ ಪ್ರಶ್ನೆ. ಕಾಗದ ತೆಗೆದರು. ಮಿಸ್ತ್ರಿ ಅಂದು ಮಾತ್ರ ಬಂದಿದ್ದರು, ಮೆಟ್ಟಿಲನ್ನು ಕೈಯೂರಿ ಹತ್ತಿಕೊಂಡು. ಸಹಿ ನಿಮ್ಮದೇನು ಎಂದು ಕೇಳಿದರು. "ನಂದ್ರಿ" ಅಂದರು. ಪರೀಕ್ಷೆ ಮಾಡಿದ್ದಿರೇನು ಎಂದು ಕೇಳಿದರು. ಮಾಡಿದ್ದೆ ಎಂದರು. ದೋಷ ಕಂಡಿರಲಿಲ್ಲವೇ? "ಕಂಡಿತ್ರಿ. ಕಂಡರೂ ಹೌದಂದ್ನಿ." ಯಾಕೆ ಎಂದದ್ದಕ್ಕೆ ಕಾಗದವನ್ನು ಮಡಿಸಿ ವಾಪಸ್ಸು ಕೊಟ್ಟರು. ನಾನು ಅವರಿಂದ ಎರಡು ಕುರ್ಚಿಯಾಚೆ ಕೂತಿದ್ದೆ. ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ನೋಡಿದ್ದರೆ ಬಾಯಿ ಬಿಡುತ್ತಿದ್ದೆನೇನೋ ಎಂದು ಈಗ ಅಂದುಕೊಳ್ಳುತ್ತೇನೆ. ಸುಳ್ಳು. ಬಿಡುತ್ತಿರಲಿಲ್ಲ. ಹಿರಿಯರೊಬ್ಬರು ಇಂಥವರ ಮಾತು ಕಟ್ಟಿಕೊಂಡಿದ್ದೇ ತಪ್ಪಾಯಿತು ಎಂದರು. ಇಂಥವರು ಎಂದರೆ ಎಂಥವರು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ದುಡ್ಡು ತಿಂದಿರಬೇಕು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ವಾರದೊಳಗೆ ಊರಿನ ಮಾತಾಯಿತು. ನನಗೆ ಮಾತ್ರ ಎಲ್ಲರೂ ಪಾಪ ಅಂದರು. ಮಾಸ್ತರ್ ಒಳ್ಳೆಯ ಮನಸ್ಸಿನಿಂದ ಮಾಡಿದ್ದರು, ಪರೀಕ್ಷೆ ಮಾಡಿದವನು ಕೈಕೊಟ್ಟ ಅಂದರು. ನಾನು ಆ ಪಾಪವನ್ನೂ ಉಂಡು ಅರಗಿಸಿಕೊಂಡೆ.

ಗಾಡಿಗಳನ್ನು ವಾಪಸ್ಸು ತರಿಸುತ್ತೇವೆ ಎಂದು ಟ್ರಸ್ಟಿನವರು ಹೇಳಿದರು, ತರಿಸಲಿಲ್ಲ. ಮಿಸ್ತ್ರಿ ಕಾಯಲಿಲ್ಲ. ಅಂಗಡಿ ಮುಚ್ಚಿ, ಪಾನಾ ಚೀಲ ಹೆಗಲಿಗೆ ಹಾಕಿಕೊಂಡು, ಹತ್ತಿರದ ಊರಿಗೆ ಕೈಗಾಡಿಯಲ್ಲಿ, ದೂರದ ಊರಿಗೆ ಸಿಕ್ಕ ಟೆಂಪೋದಲ್ಲಿ ಹೋಗಿ ಒಂದೊಂದೇ ಗೇರು ಬಿಚ್ಚಿ ಹಳೆಯ ಚೈನು ಹಾಕಿ ಬಂದರು. ರಾಮದುರ್ಗಕ್ಕೆ ಹೋಗುವ ದಿನ ನಾನೂ ಬರುತ್ತೇನೆ ಎಂದೆ. ಬರ್ರಿ ಅಂದರು. ಟೆಂಪೋದ ಹಿಂದೆ, ಪಾನಾ ಚೀಲವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು.

ರಾಮದುರ್ಗದವನು ತರಕಾರಿ ಮಾರುವ ಹರೆಯದ ಗಂಡಸು. ಗೇರು ಬಿಚ್ಚಲು ಬಿಡಲಿಲ್ಲ. ಹೊಳೆಯ ಕಡೆಯಿಂದ ಪೇಟೆಗೆ ಬರುವ ಏರನ್ನು ಇದು ಬಂದ ಮೇಲೆ ಯಾರಿಂದಲೂ ನೂಕಿಸಿಕೊಳ್ಳದೆ ಹತ್ತುತ್ತಿದ್ದೇನೆ, ಜನ್ಮದಲ್ಲಿ ಮೊದಲ ಸಲ, ನೀವೇ ಕೊಟ್ಟು ನೀವೇ ಕಿತ್ತುಕೊಳ್ಳುತ್ತೀರಾ ಎಂದು ಕೂಗಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಗೇರು ಕೆಲಸ ಮಾಡುತ್ತಿತ್ತು, ಅದೇ ಅದರ ಕೆಟ್ಟತನ. ಮಿಸ್ತ್ರಿ ಅವನ ಗಾಡಿಯ ಪಕ್ಕ ನೆಲದ ಮೇಲೆ ಕೂತು ಮಧ್ಯಾಹ್ನದವರೆಗೂ ಏಳಲಿಲ್ಲ. "ನಿನಗ ಬರ್ತೈತಿ ತಮ್ಮಾ, ಹೌದು," ಅಂದರು. "ಆಕಿಗೂ ಬರ್ತಿತ್ತು." ಕೊನೆಗೆ ಅವನು ಮುಖ ಆ ಕಡೆ ತಿರುಗಿಸಿದ. ಮಿಸ್ತ್ರಿ ಬಿಚ್ಚಿದರು. ನಾವು ಹೊರಟಾಗ ಅವನು ಉಗುಳಿದ್ದು ಮಿಸ್ತ್ರಿಯ ಅಂಗಿಯ ಮೇಲೆ ಬಿತ್ತು. ನನ್ನ ಅಂಗಿ ಶುಭ್ರವಾಗಿತ್ತು.

ಬರುವಾಗ ಟೆಂಪೋದಲ್ಲಿ ನಾನು ಬಾಯಿ ತೆರೆದೆ. ಏನು ಹೇಳಬೇಕೆಂದಿದ್ದೆನೋ, ಅರ್ಧಕ್ಕೇ ಅವರು ತಡೆದರು.

"ಅವತ್ತ ಚಾ ಕುಡಿಯೋ ಮುಂದ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು."

"ಹೂಂ. ನೀವು ಗ್ಲಾಸ್ ಕೆಳಗಿಡತೀರಿ ಅಂತ ಕಾಯಾಕ ಹತ್ತಿದ್ದೆ."

ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಹೊರಿಸಿದ ತಪ್ಪು ಇದೊಂದೇ. ಸವದತ್ತಿ ದಾಟುವವರೆಗೆ ನಾನು ತಲೆ ಎತ್ತಲಿಲ್ಲ. ಅವರು ಬಿಚ್ಚಿದ ಗೇರನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಆಮೇಲೆ ಅವರ ಅಂಗಡಿಗೆ ಗೇರು ತರುವವರು ನಿಂತರು. ಒಬ್ಬಿಬ್ಬರು ತಂದರೂ ಅವರು ನೋಡುತ್ತಿರಲಿಲ್ಲ. ನನ್ನ ‘ಹೌದಿ’ಗೆ ಕಿಮ್ಮತ್ತಿಲ್ಲ, ‘ಹೌದಿ’ಗೆ ಕಿಮ್ಮತ್ತಿಲ್ಲದವನ ‘ಇಲ್ಲ’ ತಗೊಂಡು ಏನು ಮಾಡುತ್ತೀರಿ ಎನ್ನುತ್ತಿದ್ದರು. ಬರೀ ಪಂಕ್ಚರ್ ತಿದ್ದಿದರು. ಗಾಳಿ ಹಾಕಿದರು. ನಾನು ಹೋಗುವುದು ಕಡಿಮೆಯಾಯಿತು. ಹೋದರೆ ಕುಂತ್ರಿ ಎನ್ನುತ್ತಿದ್ದರು, ಚಾ ಹೇಳುತ್ತಿರಲಿಲ್ಲ. ಕಳೆದ ವರ್ಷ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಗೆ ಒಯ್ಯಲು ಎತ್ತಿದರೆ ಈ ಸಲ ಬೈಯಲಿಲ್ಲವಂತೆ. ಮಗಳು ಇದನ್ನು ಹೇಳಿಯೇ ಹೆಚ್ಚು ಅತ್ತಳು.

ಮಣ್ಣು ಮಾಡಿ ಬಂದ ಐದನೆಯ ದಿನ ನಾನು ಸಿರಸಂಗಿಗೆ ಹೋದೆ. ಮೂರು ವರ್ಷ ಹೋಗದಿದ್ದವನು. ಆ ಹುಡುಗಿಯ ತಾಯಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಯಾರೆಂದು ಹೇಳಿದೆ. ಗುರುತು ಹತ್ತಿತು, ಪೆಂಡಾಲಿನಲ್ಲಿ ಶಾಲು ಹೊದ್ದವರಲ್ಲವೇ ಎಂದರು. ಮಿಸ್ತ್ರಿ ತೀರಿಕೊಂಡ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

ಆ ತಾಯಿ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಮಗಳು ಸತ್ತ ಮೂರನೆಯ ದಿನ ಮಿಸ್ತ್ರಿ ಅಲ್ಲಿಗೆ ಹೋಗಿದ್ದರಂತೆ. ಬೈಲಹೊಂಗಲದಿಂದ ಸಿರಸಂಗಿಯವರೆಗೆ ಕೈಗಾಡಿಯಲ್ಲಿ, ಹಗಲೂ ರಾತ್ರಿ ಪೆಡಲು ತಿರುಗಿಸಿಕೊಂಡು, ಒಬ್ಬರೇ. ಗೇರು ಕೆಟ್ಟದ್ದೆಂದು ತಿಳಿದೂ ನಾನು ಹೌದು ಅಂದೆ, ತಪ್ಪು ನನ್ನದು ಎಂದು ಅಂಗಳದಲ್ಲಿ ಕೂತು ಹೇಳಿದರಂತೆ. ತಾಯಿ ಅಂಗಳದ ಮಣ್ಣು ಬಾಚಿ ಅವರ ತಲೆಯ ಮೇಲೆ ತೂರಿ, ನಿನ್ನ ಮನೆ ಹಾಳಾಗಲಿ, ನಿನ್ನ ಹೆಣ ಎತ್ತುವವರು ಸಿಗದಿರಲಿ ಎಂದು ಶಪಿಸಿದರು. ಅವರು ಮಣ್ಣು ಕೊಡವಿಕೊಳ್ಳದೆ ಹಾಗೇ ಕೈಗಾಡಿ ಹತ್ತಿ ಹೋದರು. ಪ್ರತಿ ವರ್ಷ ಆ ದಿನ ಬಂದು ಅಂಗಳದಾಚೆ ಒಂದು ಗಳಿಗೆ ಗಾಡಿ ನಿಲ್ಲಿಸಿ ಹೋಗುತ್ತಿದ್ದರು. ತಾಯಿ ಪ್ರತಿ ವರ್ಷವೂ ಹೊರಗೆ ಬಂದು ಮಣ್ಣು ತೂರುತ್ತಿದ್ದರು. ಈ ವರ್ಷ ಬರಲಿಲ್ಲ, ಆಗಲೇ ಹಾಸಿಗೆ ಹಿಡಿದಿದ್ದಿರಬೇಕು ಎಂದರು.

ನಾನು ಎಲ್ಲವನ್ನೂ ಹೇಳಿದೆ. ಮಿಸ್ತ್ರಿ ಬೇಡ ಅಂದದ್ದು, ಹಿಂದಕ್ಕೆ ಉರುಳಿಸಿ ತೋರಿಸಿದ್ದು, ನಾನು ಅವರ ಕಾಲನ್ನು ಆಡಿಕೊಂಡದ್ದು, ಸಹಿ ಹಾಕಿಸಿಕೊಂಡದ್ದು, ಸಭೆಯಲ್ಲಿ ಬಾಯಿ ಮುಚ್ಚಿ ಕೂತದ್ದು. ಆ ಶಾಪ ನನಗೆ ಸಲ್ಲಬೇಕಾದದ್ದು, ನನಗೇ ಹಾಕಿರಿ ಎಂದೆ. ನಿಜ ಹೇಳಬೇಕೆಂದರೆ ಹಾಕಿಸಿಕೊಂಡರೆ ಹಗುರಾಗುತ್ತೇನೆ ಎಂದೇ ಹೋಗಿದ್ದೆ. ತಲೆ ತಗ್ಗಿಸಿ ಅಂಗಳದಲ್ಲಿ ನಿಂತೆ.

ಆ ತಾಯಿ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದರು. ಎದ್ದರು. ಕೈ ಮಣ್ಣಿಗೆ ಹೋಗಲಿಲ್ಲ.

"ಅವರು ಇದ್ದಾಗ ಬಂದು ಹೇಳಿದ್ರ," ಅಂದರು, "ಅವರನ್ನರ ಶಾಪದಿಂದ ಬಿಡ್ತಿದ್ದೆನಲ್ಲೋ ಯಪ್ಪಾ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.